ವಸ್ತ್ರಕ್ಕೂ ಜೀರ್ಣೋದ್ಧಾರ ಬೇಡವೇ?

ನಮ್ಮ ನಾಡಿನ ಬಸದಿಗಳ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಅಪರಿಚಿತವಲ್ಲ. ದಾನ ಕೊಟ್ಟವನು ಅರಸನಾಗಲಿ, ದಂಡನಾಯಕನಾಗಲಿ, ಸೆಟ್ಟಿಯಾಗಲಿ, ಭೂಮಿಯ ಆದಾಯವನ್ನು ದೇವರ ಅರ್ಚನೆಗೂ ಋಷಿಗಳ ಆಹಾರದಾನಕ್ಕೂ ಮೀಸಲಿಡುವುದರ ಜೊತೆಯಲ್ಲಿಯೇ, ಒಡೆದುದನ್ನು, ಬಿರಿದುದನ್ನು, ಹಳತಾದುದನ್ನು ಸರಿಪಡಿಸುವುದಕ್ಕೂ ಒಂದು ಪಾಲನ್ನು ತೆಗೆದಿರಿಸುತ್ತಿದ್ದನು. ಕಟ್ಟಿದ್ದು ಒಂದು ದಿನ ಬಿರುಕು ಬಿಡುತ್ತದೆ, ಬಿರುಕನ್ನು ಮುಚ್ಚುವುದೂ ಧರ್ಮವೇ ಎಂಬ ಅರಿವು ಆ ಪೂರ್ವಿಕರಲ್ಲಿತ್ತು. ಇಂದಿಗೂ ನಮ್ಮ ಸಮಾಜದಲ್ಲಿ ಜೀರ್ಣೋದ್ಧಾರಕ್ಕೆ ಕೈಯೆತ್ತಿ ಕೊಡುವವರಿಗೆ ಕೊರತೆಯಿಲ್ಲ. ಕಲ್ಲಿನ ವಿಷಯದಲ್ಲಿ ನಾವು ಹಿರಿಯರ ಮಾತನ್ನು ಉಳಿಸಿಕೊಂಡಿದ್ದೇವೆ.

ಆದರೆ ಅದೇ ಶ್ರಾವಕನ ಮನೆಯ ಬಟ್ಟೆಯ ಕಪಾಟನ್ನು ತೆರೆದು ನೋಡಿದರೆ ಕಾಣುವುದೇನು? ಒಂದು ಗುಂಡಿ ಕಿತ್ತುಹೋದ ಅಂಗಿ ಮೂಲೆ ಸೇರಿದೆ. ಬಗಲಲ್ಲಿ ಹೊಲಿಗೆ ಬಿಚ್ಚಿದ ರವಿಕೆ ಹೊರಗೆ ಹೋಗಲು ಕಾದಿದೆ. ಅಂಚು ಸವೆದ ಸೀರೆಯ ಮೇಲೆ ಇನ್ನೂ ಮಡಿಕೆ ಬಿಚ್ಚದ ಮೂರು ಹೊಸ ಸೀರೆಗಳು ಕುಳಿತಿವೆ. ಐದು ನಿಮಿಷದ ಸೂಜಿಯ ಕೆಲಸಕ್ಕೆ ಮನೆಯಲ್ಲಿ ಯಾರೂ ಇಲ್ಲ, ಯಾರಿಗೂ ಬರುವುದೂ ಇಲ್ಲ. ಬಸದಿಯ ಗೋಡೆ ಬಿರಿದರೆ ಸಭೆ ಸೇರುವ ನಾವು ಬಟ್ಟೆ ಬಿರಿದರೆ ಅಂಗಡಿಗೆ ಹೋಗುತ್ತೇವೆ. ಇದು ಕೇವಲ ಮನೆವಾರ್ತೆಯ ಅಜಾಗರೂಕತೆಯಲ್ಲ. ವ್ರತದ ಶೈಥಿಲ್ಯವೆಂದೇ ನಾನು ಹೇಳುತ್ತೇನೆ. ಮಾತು ಕಟುವಾಯಿತೆಂದು ಯಾರಿಗಾದರೂ ತೋರಿದರೆ ಮುಂದಿನ ವಿಚಾರಗಳನ್ನು ಶಾಂತಚಿತ್ತದಿಂದ ಪರಿಶೀಲಿಸಬೇಕೆಂದು ವಿನಂತಿ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗ ಮತ್ತು ಉಪಭೋಗಗಳನ್ನು ಬೇರ್ಪಡಿಸಿದ್ದಾರೆ. ಒಮ್ಮೆ ಅನುಭವಿಸಿದರೆ ಮುಗಿದುಹೋಗುವುದು ಭೋಗ. ಮತ್ತೆ ಮತ್ತೆ ಅನುಭವಕ್ಕೆ ಒದಗುವುದು ಉಪಭೋಗ. ಅನ್ನವು ಮೊದಲನೆಯದಕ್ಕೆ ಉದಾಹರಣೆ, ವಸ್ತ್ರವು ಎರಡನೆಯದಕ್ಕೆ. ಈ ಸರಳವಾದ ವಿಭಾಗದಲ್ಲಿ ನಮ್ಮ ಕಾಲದ ದೋಷವನ್ನು ತೋರಿಸುವ ಕನ್ನಡಿಯಿದೆ. ಉಪಭೋಗವಾಗಿದ್ದ ವಸ್ತ್ರವನ್ನು ನಾವು ಭೋಗವನ್ನಾಗಿ ಮಾಡಿಬಿಟ್ಟಿದ್ದೇವೆ. ಒಂದು ಮದುವೆಗೆ ಉಟ್ಟ ಸೀರೆಯನ್ನು ಇನ್ನೊಂದು ಮದುವೆಗೆ ಉಡಲು ಸಂಕೋಚ. ಚಿತ್ರದಲ್ಲಿ ಒಮ್ಮೆ ಕಂಡ ಅಂಗಿ ಮತ್ತೊಮ್ಮೆ ಕಾಣಬಾರದೆಂಬ ಹಟ. ಮೊಬೈಲಿನಲ್ಲಿ ಬೆರಳೊತ್ತಿದರೆ ಮನೆಬಾಗಿಲಿಗೆ ಬರುವ ಅಗ್ಗದ ಉಡುಪು, ನಾಲ್ಕು ಒಗೆತಕ್ಕೆ ಮುದುಡಿ ಕಸವಾಗುವ ಉಡುಪು. ಅನ್ನದಂತೆ ಬಟ್ಟೆಯೂ ಒಂದು ಹೊತ್ತಿನ ಸರಕಾಯಿತು. ವಸ್ತ್ರವನ್ನು ಉಪಭೋಗವಾಗಿಯೇ ಉಳಿಸುವ ಉಪಕರಣ ಯಾವುದು? ಸೂಜಿ ಮತ್ತು ದಾರ. ಹರಿದುದನ್ನು ಹೊಲಿದಾಗ ‘ಮತ್ತೆ ಮತ್ತೆ’ ಎಂಬ ಆಚಾರ್ಯರ ಲಕ್ಷಣಕ್ಕೆ ಅರ್ಥ ಬರುತ್ತದೆ.

ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಎಣಿಸುವಾಗ ತತ್ತ್ವಾರ್ಥಸೂತ್ರವು ಹೊಲ-ಮನೆ, ಬೆಳ್ಳಿ-ಬಂಗಾರ, ಧನ-ಧಾನ್ಯಗಳ ಸಾಲಿನಲ್ಲಿ ‘ಕುಪ್ಯ’ವನ್ನೂ ಸೇರಿಸುತ್ತದೆ. ಕುಪ್ಯವೆಂದರೆ ನಾರು, ಹತ್ತಿ, ರೇಷ್ಮೆಯ ವಸ್ತ್ರಗಳು ಮುಂತಾದವು ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಹೊಲವನ್ನು ಎಕರೆಯಲ್ಲಿ, ಬಂಗಾರವನ್ನು ತೊಲದಲ್ಲಿ ಪರಿಮಾಣ ಮಾಡಿಕೊಳ್ಳುವ ಶ್ರಾವಕರು ನಮ್ಮಲ್ಲಿದ್ದಾರೆ. ಆದರೆ ತಮ್ಮ ಅಂಗಿಗಳೆಷ್ಟು, ಸೀರೆಗಳೆಷ್ಟು ಎಂಬ ಸಂಖ್ಯೆಯನ್ನು ನಿಶ್ಚಯಿಸಿಕೊಂಡವರು ಎಷ್ಟು ಮಂದಿ? ಇನ್ನೂ ಒಂದು ಮಾತು: ಸಂಖ್ಯೆಯನ್ನು ನಿಶ್ಚಯಿಸಿಕೊಂಡರೂ, ಒಂದನ್ನು ಹೊರಗೆ ಹಾಕಿ ಇನ್ನೊಂದನ್ನು ಒಳಗೆ ತರುತ್ತಲೇ ಇದ್ದರೆ ಲೆಕ್ಕ ಸರಿಯಾಗಿರುತ್ತದೆ, ವ್ರತ ಸೋರಿಹೋಗುತ್ತದೆ. ವರ್ಷಕ್ಕೆ ಹತ್ತು ಅಂಗಿ ಬದಲಿಸುವವನ ಕಪಾಟಿನಲ್ಲಿ ಯಾವಾಗಲೂ ಹತ್ತೇ ಅಂಗಿಗಳಿರಬಹುದು. ಹತ್ತು ವರ್ಷಗಳಲ್ಲಿ ಅವನು ನೂರು ಅಂಗಿಗಳ ಪರಿಗ್ರಹಿಯಾಗಿರುತ್ತಾನೆ. ಸೂಜಿ ಹಿಡಿಯಲು ಒಪ್ಪದ ಮನೆಯಲ್ಲಿ ವಸ್ತ್ರಪರಿಮಾಣವು ಬಾಯಿಮಾತಾಗಿಯೇ ಉಳಿಯುತ್ತದೆ.

ಅಹಿಂಸೆಯ ದೃಷ್ಟಿಯಿಂದಲೂ ವಿಚಾರ ಮಾಡೋಣ. ಹತ್ತಿಯ ಬಟ್ಟೆ ಸಾತ್ತ್ವಿಕವೆಂದು ನಾವು ನಂಬಿದ್ದೇವೆ. ಆದರೆ ಹತ್ತಿಯ ಬೆಳೆಯು ಕೀಟನಾಶಕಗಳ ಭಾರವನ್ನು ಬಹಳವಾಗಿ ಹೊತ್ತ ಬೆಳೆಗಳಲ್ಲೊಂದು. ಕಾಯಿಕೊರಕ ಹುಳುವನ್ನು ತಡೆಯಲೆಂದು 2002ರಲ್ಲಿ ನಮ್ಮ ದೇಶದಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆಯಿತು. ಕ್ರಮೇಣ ಗುಲಾಬಿ ಕಾಯಿಕೊರಕವು ಅದಕ್ಕೂ ಜಗ್ಗದಾಯಿತು, ಸಿಂಪಡಣೆ ನಿಲ್ಲಲಿಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಯ ಹೊಲಗಳಿಗೆ ಔಷಧಿ ಹೊಡೆಯುತ್ತಿದ್ದ ರೈತರು, ಕೂಲಿಕಾರರು ವಿಷವೇರಿ ಸತ್ತರು. ಹೀಗಿರುವಾಗ ಒಂದು ಅಂಗಿಯ ಹಿಂದೆ ಎಷ್ಟು ಏಕೇಂದ್ರಿಯ, ದ್ವೀಂದ್ರಿಯ ಜೀವಿಗಳ ಅಳಿವು, ಎಷ್ಟು ಮನುಷ್ಯರ ಉಸಿರು ಸೇರಿದೆಯೆಂದು ಲೆಕ್ಕ ಹಾಕುವವರಾರು?

ರೇಷ್ಮೆಯ ಮಾತನ್ನಂತೂ ಹೇಳುವುದೇ ಬೇಡ. ಗೂಡಿನೊಳಗಿನ ಹುಳುವನ್ನು ಬಿಸಿಯಿಂದ ಕೊಂದು ನೂಲು ತೆಗೆಯುವ ಕ್ರಮವನ್ನು ಅರಿತು ಅನೇಕ ಜೈನ ಕುಟುಂಬಗಳು ರೇಷ್ಮೆಯನ್ನು ತ್ಯಜಿಸಿವೆ, ಅವರಿಗೆ ಅಭಿನಂದನೆ. ಆದರೆ ತಾಯಂದಿರ ಕಾಲದ ರೇಷ್ಮೆ ಸೀರೆ ಪೆಟ್ಟಿಗೆಯಲ್ಲಿದ್ದವರು, ಜೀವ ಹೋದ ಮೇಲೆ ಉಳಿದ ಆ ನೂಲನ್ನು ಮಡಿಕೆಯಲ್ಲೇ ಹರಿಯಲು ಬಿಟ್ಟು ಹೊಸ ರೇಷ್ಮೆಯನ್ನು ಕೊಳ್ಳುವುದು ಯಾವ ಅಹಿಂಸೆ?

ಮೂರನೆಯದು ಹೊಲಿದವರ ಶ್ರಮ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ‘ಅತಿಭಾರಾರೋಪಣ’ವೂ ಒಂದು, ಶಕ್ತಿಮೀರಿದ ಹೊರೆಯನ್ನು ಹೊರಿಸುವುದು ಎಂದರ್ಥ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಸಮೀಪದ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಹಿಂದಿನ ದಿನವೇ ಗೋಡೆಗಳು ಬಿರುಕು ಬಿಟ್ಟಿದ್ದವು. ಕೆಳಗಿನ ಬ್ಯಾಂಕು, ಅಂಗಡಿಗಳು ಬಾಗಿಲು ಹಾಕಿದವು. ಮೇಲಿನ ಸಿದ್ಧ ಉಡುಪು ಕಾರ್ಖಾನೆಗಳ ಕೆಲಸಗಾರರನ್ನು ಮಾತ್ರ ಒಳಗೆ ಕರೆದರು. ಅಗ್ಗದ ಅಂಗಿಯು ಗಡುವಿಗೆ ಸರಿಯಾಗಿ ಹೊರಡಬೇಕಾಗಿತ್ತು. ನಮ್ಮ ಬೆಂಗಳೂರಿನಲ್ಲಿಯೂ ಸಾವಿರಾರು ಹೆಣ್ಣುಮಕ್ಕಳು ಹೊಲಿಗೆಯ ಕಾರ್ಖಾನೆಗಳಲ್ಲಿ ದುಡಿಯುತ್ತಾರೆ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ನಿಯಮ ಬದಲಾವಣೆಯನ್ನು ವಿರೋಧಿಸಿ ಅವರು ರಸ್ತೆಗಿಳಿದುದನ್ನು ನಾವೆಲ್ಲರೂ ಕಂಡೆವು. ತನ್ನ ಕೈಯಿಂದ ಒಂದು ಕಾಲರನ್ನು ಬಿಚ್ಚಿ ಮತ್ತೆ ಕೂಡಿಸಿದವನಿಗೆ ಅಂಗಿಯ ಬೆಲೆ ಏನೆಂದು ತಿಳಿಯುತ್ತದೆ. ಉಳಿದವರಿಗೆ ತಿಳಿಯುವುದು ಚೀಟಿಯ ಮೇಲಿನ ದರ ಮಾತ್ರ.

ನಮ್ಮ ಅಡುಗೆಮನೆಗಳಲ್ಲಿ ಇಂದಿಗೂ ಒಂದು ಬಟ್ಟೆಯನ್ನು ದಿನವೂ ಬೆಳಕಿಗೆ ಹಿಡಿದು ನೋಡುವ ವಾಡಿಕೆಯಿದೆ. ಅದು ನೀರು ಸೋಸುವ ಬಟ್ಟೆ. ಅದರಲ್ಲಿ ಸಣ್ಣ ರಂಧ್ರವಾದರೂ ಜೀವಹಿಂಸೆಗೆ ದಾರಿಯಾದೀತೆಂಬ ಎಚ್ಚರ ನಮ್ಮ ತಾಯಂದಿರಲ್ಲಿದೆ. ಎಳೆ ಸವೆದುದನ್ನು ಗುರುತಿಸುವ ಆ ಕಣ್ಣು ನಮ್ಮದಾಗಿರುವಾಗ, ಮನೆಯ ಉಳಿದ ಬಟ್ಟೆಗಳ ಬಗೆಗೆ ಕುರುಡಾಗುವುದೇಕೆ?

ಇನ್ನು ಆಕ್ಷೇಪಗಳಿಗೆ ಬರೋಣ.

ತೇಪೆ ಹಾಕಿದ ಬಟ್ಟೆ ಬಡತನದ ಗುರುತು, ಸಮಾಜದಲ್ಲಿ ಮಾನ ಹೋಗುತ್ತದೆ ಎಂಬುದು ಮೊದಲನೆಯದು. ಯಾವ ಸಮಾಜದಲ್ಲಿ? ಕೌಪೀನ ಮಾತ್ರ ಧರಿಸುವ ಐಲಕರಿಗೆ, ತಲೆ ಮುಚ್ಚಿದರೆ ಕಾಲು ಕಾಣುವಷ್ಟು ಚಿಕ್ಕ ಖಂಡವಸ್ತ್ರವನ್ನು ಹೊದೆಯುವ ಕ್ಷುಲ್ಲಕರಿಗೆ ಸಾಷ್ಟಾಂಗ ಎರಗುವ ಸಮಾಜದಲ್ಲಿ ತೇಪೆಯು ಅವಮಾನವಾಗುವುದಾದರೆ, ನಾವು ಎರಗುತ್ತಿರುವುದು ಯಾವುದಕ್ಕೆ? ಸಿರಿವಂತ ದೇಶಗಳನ್ನು ಮೇಲ್ಪಂಕ್ತಿಯಾಗಿ ಕಾಣುವವರಿಗೆ ಒಂದು ಸಂಗತಿ: ಫ್ರಾನ್ಸಿನಲ್ಲಿ 2023ರ ನವೆಂಬರಿನಲ್ಲಿ, ಬಟ್ಟೆ ಮತ್ತು ಪಾದರಕ್ಷೆಗಳನ್ನು ದುರಸ್ತಿ ಮಾಡಿಸಿಕೊಳ್ಳುವವರಿಗೆ 6ರಿಂದ 25 ಯೂರೋಗಳವರೆಗೆ ರಿಯಾಯಿತಿ ನೀಡುವ ಯೋಜನೆ ಜಾರಿಗೆ ಬಂದಿತು. ಅಲ್ಲಿಯವರು ಹಣ ಕೊಟ್ಟು ಮರಳಿ ಕಲಿಯುತ್ತಿರುವುದನ್ನು ನಾವು ನಾಚಿಕೆಯಿಂದ ಮರೆಯುತ್ತಿದ್ದೇವೆ.

ಎರಡನೆಯ ಆಕ್ಷೇಪ ಸಮಯದ್ದು. ಹೊಸದು ಮುನ್ನೂರು ರೂಪಾಯಿಗೆ ಸಿಗುವಾಗ ಅರ್ಧ ಗಂಟೆ ವ್ಯರ್ಥ ಮಾಡುವುದೇಕೆ ಎನ್ನುತ್ತಾರೆ. ಆ ಮುನ್ನೂರರ ವಸ್ತುವನ್ನು ಆರಿಸಲು ಮೊಬೈಲಿನ ಮುಂದೆ ಕಳೆದ ಸಂಜೆಯನ್ನು ಅವರು ಎಣಿಸುವುದಿಲ್ಲ. ಸಮಯಕ್ಕೆ ಸರಿಯಾಗಿ ಹಾಕಿದ ಹೊಲಿಗೆಗೆ ಬಹಳ ಹೊತ್ತು ಬೇಡ. ತಡಮಾಡಿದರೆ ಮಾತ್ರ ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುತ್ತದೆ.

ಮೂರನೆಯದು ಧಾರ್ಮಿಕ ಆಕ್ಷೇಪ. ಪೂಜೆಗೆ ಹರಿಯದ, ಹೊಲಿಗೆಯಿಲ್ಲದ ಶುದ್ಧ ವಸ್ತ್ರವೇ ಬೇಕೆಂಬ ಸಂಪ್ರದಾಯವಿದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ, ಅದನ್ನು ಪಾಲಿಸಬೇಕು. ಆದರೆ ಅದು ಪೂಜಾವಸ್ತ್ರಕ್ಕೆ ಹೇಳಿದ ನಿಯಮ. ಅಂಗಡಿಗೆ, ಕಚೇರಿಗೆ, ಅಡುಗೆಮನೆಗೆ ಅದನ್ನು ವಿಸ್ತರಿಸಿದವರು ಯಾರು? ಹೊಲಿಗೆಯೇ ದೋಷವೆಂದಾದರೆ ಸಿದ್ಧ ಉಡುಪಿನ ಪ್ರತಿಯೊಂದು ಅಂಗಿಯೂ ದೋಷಪೂರ್ಣವೇ.

ನಾಲ್ಕನೆಯದು ಸೂಕ್ಷ್ಮವಾದುದು. ಹಳೆಯ ಬಟ್ಟೆಗೆ ಅಂಟಿಕೊಳ್ಳುವುದೂ ಮೋಹವಲ್ಲವೇ? ಪರಿಗ್ರಹದ ಬೇರು ವಸ್ತುವಿನಲ್ಲಿಲ್ಲ, ಅದರ ಮೇಲಿನ ಮೂರ್ಛೆಯಲ್ಲಿದೆ ಎಂದು ಸೂತ್ರಕಾರರೇ ಹೇಳಿದ್ದಾರಲ್ಲ? ನಿಜ. ಆದರೆ ಬಿಡುವುದೆಲ್ಲವೂ ತ್ಯಾಗವಲ್ಲ. ಬಿಟ್ಟ ಮರುದಿನವೇ ಅದರ ಜಾಗಕ್ಕೆ ಹೊಸದು ಬರುವುದಾದರೆ, ಅಲ್ಲಿ ಹೋದದ್ದು ವಸ್ತು, ಉಳಿದದ್ದು ಮೂರ್ಛೆ. ಇದ್ದುದರಲ್ಲಿಯೇ ಸಾಕೆಂದು ಹೊಲಿದು ಉಡುವವನ ಮನಸ್ಸಿನಲ್ಲಿ ಹೊಸದರ ಬಯಕೆಯೊಂದು ಕುಗ್ಗಿರುತ್ತದೆ. ವ್ರತವು ಪರೀಕ್ಷಿಸುವುದು ಆ ಬಯಕೆಯನ್ನು.

ಕೊನೆಯದು ವ್ಯಾಪಾರಿ ಬಂಧುಗಳ ಆಕ್ಷೇಪ. ನಮ್ಮಲ್ಲಿ ಬಟ್ಟೆಯ ವ್ಯಾಪಾರವನ್ನೇ ನಂಬಿದ ಮನೆತನಗಳು ಅನೇಕವಿವೆ. ಎಲ್ಲರೂ ಹೊಲಿದು ಉಟ್ಟರೆ ಅಂಗಡಿ ನಡೆಯುವುದು ಹೇಗೆ, ನೇಕಾರರು ಬದುಕುವುದು ಹೇಗೆ ಎಂಬ ಅವರ ಪ್ರಶ್ನೆ ತಳ್ಳಿಹಾಕುವಂಥದಲ್ಲ. ಆದರೆ ಇಳಕಲ್ಲಿನ, ಗುಳೇದಗುಡ್ಡದ ಕೈಮಗ್ಗದವರನ್ನು ಕುಗ್ಗಿಸಿದ್ದು ಮನೆಯ ಸೂಜಿಯಲ್ಲ. ಕೈಮಗ್ಗಕ್ಕೆಂದೇ ಕೆಲವು ಬಗೆಯ ಬಟ್ಟೆಗಳನ್ನು ಕಾಯ್ದಿರಿಸುವ ಕಾನೂನು 1985ರಲ್ಲಿಯೇ ಬಂದರೂ, ಅವರ ನೇಯ್ಗೆಯನ್ನು ಅನುಕರಿಸಿ ಅಗ್ಗಕ್ಕೆ ಬಂದ ಯಂತ್ರಮಗ್ಗದ ಸರಕು ಅವರನ್ನು ಕುಗ್ಗಿಸಿತು. ಐದು ಅಗ್ಗದ ಸೀರೆಗಳ ಬದಲು ಒಂದು ಗಟ್ಟಿಯಾದ ಸೀರೆಯನ್ನು ಕೊಂಡು, ಅದನ್ನು ಕಾಪಾಡಿ, ಹೊಲಿದು, ಇಪ್ಪತ್ತು ವರ್ಷ ಉಡುವ ಗಿರಾಕಿಯೇ ನೇಕಾರನಿಗೆ ಬೇಕಾದವಳು. ವ್ಯಾಪಾರಿಯೂ ಮನಸ್ಸು ಮಾಡಿದರೆ ತನ್ನ ಅಂಗಡಿಯ ಮೂಲೆಯಲ್ಲಿ ದುರಸ್ತಿಗೊಬ್ಬ ದರ್ಜಿಯನ್ನು ಕೂರಿಸಬಹುದು. ಅಂಗಿಯ ಜೊತೆಗೆ ಎರಡು ಗುಂಡಿ, ಅದೇ ಬಟ್ಟೆಯ ಒಂದು ತುಂಡನ್ನು ಕೊಡಬಹುದು. ಒಳಹೊಲಿಗೆಯಲ್ಲಿ ಬಿಚ್ಚಿ ಹಿಗ್ಗಿಸುವಷ್ಟು ಬಟ್ಟೆಯನ್ನು ಬಿಡದ ಉಡುಪನ್ನು ಮಾರುವುದಿಲ್ಲವೆಂದು ನಿಶ್ಚಯಿಸಬಹುದು. ನ್ಯಾಯಾರ್ಜಿತ ಧನವೆಂದರೆ ತೂಕ ಅಳತೆಗಳಲ್ಲಿ ಮೋಸವಿಲ್ಲದಿರುವುದು ಮಾತ್ರವಲ್ಲ.

ಇನ್ನು ನಮ್ಮನ್ನು ಬಹಳವಾಗಿ ಮರುಳುಗೊಳಿಸಿರುವ ಒಂದು ಸಮಾಧಾನವಿದೆ: “ನಾವೇನು ಬಿಸಾಡುವುದಿಲ್ಲ, ಬಡವರಿಗೆ ಕೊಡುತ್ತೇವೆ.” ಶಾಸ್ತ್ರವು ಹೇಳಿದ ಚತುರ್ವಿಧ ದಾನಗಳು ಆಹಾರ, ಅಭಯ, ಔಷಧ, ಶಾಸ್ತ್ರ. ವಸ್ತ್ರ ಕೊಡುವುದು ಕರುಣೆಯ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗುಂಡಿಯಿಲ್ಲದ ಅಂಗಿ, ಜಿಪ್ಪು ಕೆಟ್ಟ ಪ್ಯಾಂಟು, ಕಲೆಯಾದ ಲಂಗಗಳನ್ನು ಚೀಲದಲ್ಲಿ ತುಂಬಿ ಆಶ್ರಮದ ಬಾಗಿಲಲ್ಲಿ ಇಳಿಸಿ ಬರುವುದು ಕರುಣೆಯಲ್ಲ. ನಮ್ಮ ಮನೆಯ ಕಸವನ್ನು ಪುಣ್ಯದ ಹೆಸರಿನಲ್ಲಿ ಬೇರೆಯವರ ಮನೆಗೆ ಸಾಗಿಸುವುದು. ನೆರೆ ಬಂದ ವರ್ಷಗಳಲ್ಲಿ ಪರಿಹಾರ ಕೇಂದ್ರಗಳ ಅಂಗಳದಲ್ಲಿ ಬಿದ್ದ ಇಂತಹ ಬಟ್ಟೆಯ ರಾಶಿಗಳನ್ನು ಸೇವೆಗೆ ಹೋದವರು ಬಲ್ಲರು. ಹಿಂದೆ ಬೀದಿಯಲ್ಲಿ ಬರುತ್ತಿದ್ದ ಪಾತ್ರೆಯವಳು ಸಹ ಹಳೆಯ ಸೀರೆಯನ್ನು ಬಿಡಿಸಿ, ತಿರುಗಿಸಿ, ಹರಕಿದ್ದರೆ ಹಿಂದಕ್ಕೆ ಕೊಡುತ್ತಿದ್ದಳು. ಅವಳು ಒಪ್ಪದ್ದನ್ನು ನಾವು ದಾನವೆಂದು ಕೊಡುತ್ತಿದ್ದೇವೆ. ಒಗೆದು, ಹೊಲಿದು, ಇಸ್ತ್ರಿ ಮಾಡಿ, ‘ಇದನ್ನು ನಾನೇ ಉಡಬಲ್ಲೆ’ ಎನ್ನುವಂತಾದ ಮೇಲೆ ಕೊಟ್ಟರೆ ಅದು ಕೊಡುಗೆ.

ಈಗ ಬಸದಿಗಳ ವಿಶ್ವಸ್ತ ಮಂಡಳಿಗಳಿಗೆ ನೇರವಾಗಿ ನಾಲ್ಕು ಮಾತು. ಪಂಚಕಲ್ಯಾಣ, ವಿಧಾನ, ಧರ್ಮಸಭೆ ಯಾವುದೇ ನಡೆಯಲಿ, ವೇದಿಕೆಯ ಮೇಲೆ ಶಾಲುಗಳ ರಾಶಿ ಬೀಳುತ್ತದೆ. ಹೊದಿಸಿದವರಿಗೂ ಹೊದ್ದವರಿಗೂ ಅದು ಬೇಡವಾದ ವಸ್ತು. ಬಹುಪಾಲು ಶಾಲುಗಳು ಪಾಲಿಯೆಸ್ಟರಿನವು. ಚಳಿಗೂ ಆಗವು, ಬೆವರನ್ನೂ ಹೀರವು. ಒಂದು ಸಭೆಯ ಶಾಲು ಇನ್ನೊಂದು ಸಭೆಗೆ ಕೈಬದಲಾಗುತ್ತ ಕಡೆಗೆ ಯಾವುದೋ ಕಪಾಟಿನಲ್ಲಿ ಮಲಗುತ್ತದೆ. ಸರ್ವಸ್ವವನ್ನೂ ತೊರೆದು ದಿಗಂಬರನಾಗಿ ನಿಂತ ಬಾಹುಬಲಿಸ್ವಾಮಿಯ ಹೆಸರಿನಲ್ಲಿ ಸಭೆ ಕರೆದು, ಯಾರಿಗೂ ಬೇಡದ ವಸ್ತ್ರವನ್ನು ಹೊದಿಸಿ ಗೌರವಿಸುವುದರಲ್ಲಿರುವ ವಿಪರ್ಯಾಸವು ನಮಗೆ ಕಾಣದೇ ಹೋಯಿತೇ? ಗೌರವಿಸಬೇಕಾದವರನ್ನು ಒಂದು ಗ್ರಂಥದಿಂದ ಗೌರವಿಸಿರಿ. ಅದು ಶಾಸ್ತ್ರದಾನವೂ ಆಗುತ್ತದೆ. ಶಾಲು-ಹಾರಗಳ ಬಾಬತ್ತನ್ನು ಒಂದು ವರ್ಷ ನಿಲ್ಲಿಸಿದರೆ ಉಳಿಯುವ ಹಣದಲ್ಲಿ ಸಮುದಾಯ ಭವನಕ್ಕೆ ಒಂದೆರಡು ಕಾಲ್ತುಳಿತದ ಹೊಲಿಗೆ ಯಂತ್ರಗಳು ಬರುತ್ತವೆ. ಯಂತ್ರದ ವ್ಯಾಮೋಹವನ್ನು ಅಷ್ಟು ಖಂಡಿಸಿದ ಗಾಂಧೀಜಿಯವರೂ 1924ರಲ್ಲಿ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ನೀಡಿದ್ದರು. ತಿಂಗಳಿಗೊಂದು ಭಾನುವಾರ, ಪೂಜೆಯ ನಂತರ, ಹರಿದುದನ್ನು ತಂದು ಅಲ್ಲಿಯೇ ಹೊಲಿದುಕೊಂಡು ಹೋಗುವ ಏರ್ಪಾಟು ಮಾಡಿರಿ. ಬಲ್ಲ ಹಿರಿಯರು ಕಲಿಸಲಿ, ಮಕ್ಕಳು ಕಲಿಯಲಿ. ದಾನದ ಬಟ್ಟೆಯನ್ನು ಸ್ವೀಕರಿಸುವುದಾದರೆ ಅಲ್ಲಿ ದುರಸ್ತಿಯಾದ ಮೇಲೆಯೇ ಮುಂದಕ್ಕೆ ಕಳುಹಿಸಿರಿ.

ಪಾಠಶಾಲೆಯ ಮಕ್ಕಳು ಎಂದಾಗ ಹುಡುಗರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಪೇಟೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತ ದರ್ಜಿಯೂ ಗಂಡಸು, ರಫೂ ಮಾಡುವವನೂ ಗಂಡಸು. ಮನೆಯೊಳಗೆ ಬಂದರೆ ಮಾತ್ರ ಸೂಜಿಯು ಹೆಂಗಸಿನದಾಗುತ್ತದೆ. ಈ ಲೇಖನವನ್ನು ಓದಿ ಮನೆಯ ಹೆಣ್ಣುಮಕ್ಕಳ ಕೈಗೆ ಇನ್ನೊಂದು ಕೆಲಸವನ್ನು ಹಚ್ಚುವ ಗಂಡಸರಿದ್ದರೆ, ಅವರು ನನ್ನ ಮಾತನ್ನು ತಪ್ಪಾಗಿ ತಿಳಿದರೆಂದೇ ಅರ್ಥ. ಅವರವರ ಅಂಗಿಯ ಗುಂಡಿ ಅವರವರ ವ್ರತ.

ಕಲಿಯಬೇಕಾದುದು ಬೆಟ್ಟದಷ್ಟಿಲ್ಲ. ಗುಂಡಿ ಹಾಕುವಾಗ ಬಟ್ಟೆಗೂ ಗುಂಡಿಗೂ ನಡುವೆ ಎಳೆಯಷ್ಟು ಸಡಿಲ ಬಿಟ್ಟು, ಕೊನೆಯಲ್ಲಿ ದಾರವನ್ನು ಬುಡಕ್ಕೆ ಸುತ್ತಿ ಗಂಟು ಹಾಕಬೇಕು. ಬಿಚ್ಚಿದ ಹೊಲಿಗೆಯನ್ನು ಬಿಚ್ಚಿದಲ್ಲಿಂದ ಒಂದು ಬೆರಳು ಹಿಂದೆಯೇ ಆರಂಭಿಸಬೇಕು. ತೇಪೆಯ ತುಂಡನ್ನು ಮೊದಲು ಒಗೆದು ಒಣಗಿಸಬೇಕು. ಇಲ್ಲದಿದ್ದರೆ ಅದು ಆಮೇಲೆ ಕುಗ್ಗಿ ಹಳೆಯ ಬಟ್ಟೆಯನ್ನು ಎಳೆಯುತ್ತದೆ. ಸವೆದ ಜಾಗಕ್ಕೆ ರಫೂ ಮಾಡುವುದೆಂದರೆ ಸೂಜಿಯಿಂದಲೇ ಮೊದಲು ಹಾಸು, ಅನಂತರ ಒಂದು ಎಳೆಯ ಮೇಲೆ ಒಂದು ಎಳೆಯ ಕೆಳಗೆ ಹೊಕ್ಕು ಹಾಕಿ ಆ ಜಾಗವನ್ನು ಮತ್ತೆ ನೇಯುವುದು. ಕಾಲರಿನ ಮಡಿಕೆ ಸವೆದರೆ ಅದನ್ನು ಬಿಚ್ಚಿ, ತಿರುಗಿಸಿ, ಸವೆದ ಮೈಯನ್ನು ಒಳಗೆ ಮಾಡಿ ಕೂಡಿಸಿದರೆ ಅಂಗಿಗೆ ಇನ್ನೂ ಒಂದೆರಡು ವರ್ಷದ ಆಯುಷ್ಯ. ಇವೆಲ್ಲ ಮುಗಿದು ಉಡಲಾರದಷ್ಟು ಸವೆದ ಸೀರೆ ತೊಟ್ಟಿಲಿಗೆ, ಉಪ್ಪಿನಕಾಯಿ ಭರಣಿಯ ಬಾಯಿಗೆ, ಕಡೆಗೆ ನೆಲ ಒರೆಸಲು. ಧಾರವಾಡ, ಬೆಳಗಾವಿಯ ಕಡೆಯ ಮನೆಗಳಲ್ಲಿ ಹಳೆಯ ಸೀರೆ-ಪಂಚೆಗಳನ್ನು ಪದರವಾಗಿ ಹಾಸಿ, ಕೈಹೊಲಿಗೆಯಿಂದ ಕೌದಿ ಮಾಡುವುದನ್ನು ಬಲ್ಲ ಅಜ್ಜಿಯಂದಿರು ಇನ್ನೂ ಇದ್ದಾರೆ. ಅವರಿರುವಾಗಲೇ ಕಲಿತುಕೊಳ್ಳುವುದು ಜಾಣತನ. ಅವರ ಕೈ ನಿಂತುಹೋದ ಮೇಲೆ ಆ ವಿದ್ಯೆಯನ್ನು ಉದ್ಧಾರ ಮಾಡಲು ಯಾವ ದಾನಶಾಸನಕ್ಕೂ ಸಾಧ್ಯವಿಲ್ಲ.

ಮುನಿಯು ವಸ್ತ್ರವನ್ನು ಬಿಟ್ಟು ಅದರ ಚಿಂತೆಯಿಂದ ಬಿಡುಗಡೆ ಪಡೆದನು. ಗೃಹಸ್ಥನಿಗೆ ಆ ಶಕ್ತಿಯಿಲ್ಲ. ಅವನು ಉಡಲೇಬೇಕು, ತೊಡಲೇಬೇಕು. ಬಿಡಲಾರದವನಿಗೆ ಉಳಿದ ಮಾರ್ಗವೊಂದೇ: ಕಡಿಮೆ ಕೊಳ್ಳುವುದು, ಕೊಂಡುದನ್ನು ಕೊನೆಯ ಎಳೆಯವರೆಗೆ ಕಾಪಾಡುವುದು. ಬರುವ ದಶಲಕ್ಷಣ ಪರ್ವದಲ್ಲಿ ಉತ್ತಮ ತ್ಯಾಗದ ದಿನವೂ ಉತ್ತಮ ಆಕಿಂಚನ್ಯದ ದಿನವೂ ಬಂದೇ ಬರುತ್ತವೆ. ಅಂದು ಉಪವಾಸ, ಸ್ವಾಧ್ಯಾಯಗಳ ಜೊತೆಗೆ ಪ್ರತಿಯೊಬ್ಬರೂ ತಮ್ಮ ಕಪಾಟಿನಿಂದ ಒಂದು ಹರಿದ ಬಟ್ಟೆಯನ್ನು ಹೊರತೆಗೆದು ತಾವೇ ಹೊಲಿಯಲಿ. ಮುಂದಿನ ಪರ್ವದವರೆಗೆ ಕೊಳ್ಳಬೇಕಾದ ಬಟ್ಟೆಗಳ ಸಂಖ್ಯೆಯನ್ನು ಬಸದಿಯಲ್ಲಿ ನಿಶ್ಚಯಿಸಿಕೊಳ್ಳಲಿ. ಮಂಡಳಿಗಳು ತಮ್ಮ ಮುಂದಿನ ಸಭೆಯಲ್ಲಿಯೇ ಶಾಲಿನ ಪದ್ಧತಿಯನ್ನು ಕೈಬಿಡುವ ಠರಾವನ್ನು ಬರೆಯಲಿ.